ಸಹಿ ಹಾಕದ ಒಂದು ಕಾಗದ, ಹೆಗಲು ಕೊಟ್ಟ ನಾಲ್ಕು ಮನೆ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಒಂದು ಸಣ್ಣ ಪ್ರಾರ್ಥನಾ ಗುಂಪಿನಲ್ಲಿ ನಡೆದದ್ದು. 5 ಮನೆ, ದೊಡ್ಡವರು 9 ಜನ. ವಾರಕ್ಕೊಮ್ಮೆ ಯಾರಾದರೂ ಒಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಹಾಡು, ಬೈಬಲ್ ಓದು, ಒಬ್ಬರಿಗಾಗಿ ಇನ್ನೊಬ್ಬರ ಪ್ರಾರ್ಥನೆ. 6 ವರ್ಷ ಹೀಗೇ ನಡೆದಿತ್ತು. ಅಷ್ಟರಲ್ಲಿ ಕಾಯಿಲೆ ಬಂದಿತ್ತು, ಸಾವು ಬಂದಿತ್ತು, ಮಕ್ಕಳ ಚಿಂತೆ ಬಂದಿತ್ತು. ಆದರೆ ನಂಬಿಕೆಗೋಸ್ಕರ ಯಾರಾದರೂ ಏನನ್ನಾದರೂ ಕಳೆದುಕೊಳ್ಳಬೇಕಾದ ಸಂದರ್ಭ ಬಂದಿರಲಿಲ್ಲ. ಅದು ಬಂದಾಗ ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಂಪನ್ನು ನಡೆಸುತ್ತಿದ್ದವನು ನಾನೇ.

ಯಾರ ಬದುಕಿನಲ್ಲಿ ಇದು ನಡೆಯಿತೋ ಅವರನ್ನು ಬರೀ ‘ಬ್ರದರ್’ ಅಂತ, ಅವರ ಹೆಂಡತಿಯನ್ನು ‘ಸಿಸ್ಟರ್’ ಅಂತ ಕರೆಯುತ್ತೇನೆ. ಗುಂಪಿನಲ್ಲೂ ಹಾಗೇ ಕರೆಯುತ್ತಿದ್ದೆವು. ಗುರುತು ಸಿಗಬಾರದು ಅಂತ ಕೆಲವು ವಿವರ, ಅಂಕಿಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಇಬ್ಬರೂ ಓದಿದ್ದಾರೆ. ಸಿಸ್ಟರ್ ಹಾಕಿದ ಷರತ್ತು ಒಂದೇ: "ನಿಮ್ಮ ತಪ್ಪುಗಳನ್ನೂ ಬರೀರಿ. ಇಲ್ದಿದ್ರೆ ಬೇಡ."

ಬ್ರದರ್‌ಗೆ ಆಗ 44 ವರ್ಷ. ಅಂಗವಿಕಲರಿಗೆ ನೆರವಾಗುವ ಒಂದು ಸೇವಾ ಸಂಸ್ಥೆಯಲ್ಲಿ 11 ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಸಂಸ್ಥೆಯ ಮುಖ್ಯಸ್ಥರು ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರಲ್ಲಿ ಒಬ್ಬರು. ಬ್ರದರ್ ಕೆಲಸವಿಲ್ಲದೆ ಕೂತಿದ್ದಾಗ ಕರೆದು ಕೆಲಸ ಕೊಟ್ಟವರು ಅವರೇ. ಮನೆಯಲ್ಲಿ ದುಡಿಯುವವರು ಬ್ರದರ್ ಒಬ್ಬರೇ. ಹಾಸಿಗೆ ಹಿಡಿದ ತಾಯಿ, ಮನೆ ಸಾಲ, ಇಬ್ಬರು ಮಕ್ಕಳು. ದೊಡ್ಡವಳಿಗೆ ಅದು ಶಾಲೆಯ ಕೊನೆಯ ಪರೀಕ್ಷೆಯ ವರ್ಷ.

ಸಮಸ್ಯೆ

ದಾನಿಗಳು 40 ವೀಲ್‌ಚೇರ್ ಕೊಳ್ಳಲು ಸಂಸ್ಥೆಗೆ ಹಣ ಕೊಟ್ಟಿದ್ದರು. ವರ್ಷದ ಕೊನೆಗೆ ಖರ್ಚಿನ ಲೆಕ್ಕ ಕಳಿಸಬೇಕು. ಅದಕ್ಕೆ ಎರಡು ಸಹಿ ಬೇಕು: ಮುಖ್ಯಸ್ಥರದ್ದು, ಬ್ರದರ್‌ದು. ಮುಖ್ಯಸ್ಥರ ಕೋಣೆಯಿಂದ ಬಂದ ಫೈಲಿನಲ್ಲಿ ವೀಲ್‌ಚೇರಿನ ಎರಡು ಬಿಲ್ ಇದ್ದವು. ಒಂದರ ನಂಬರ್ 117, ಇನ್ನೊಂದರದ್ದು 118. ಎರಡರ ತಾರೀಕಿಗೂ ಮಧ್ಯೆ 4 ತಿಂಗಳ ಅಂತರ.

ಲೆಕ್ಕ ಬರೆಯುವವರ ಕಣ್ಣಿಗೆ ಇದು ತಕ್ಷಣ ಬೀಳುತ್ತದೆ. 4 ತಿಂಗಳಲ್ಲಿ ಆ ವ್ಯಾಪಾರಿ ಬೇರೆ ಯಾರಿಗೂ ಒಂದೇ ಒಂದು ಬಿಲ್ ಹರಿದುಕೊಟ್ಟಿಲ್ಲ ಅಂದರೆ ಹೇಗೆ? ಬ್ರದರ್ ಕೆಳಗಿನ ಸ್ಟೋರ್ ರೂಮಿಗೆ ಹೋದರು. ಪ್ಲಾಸ್ಟಿಕ್ ಕೂಡ ಬಿಚ್ಚದ ವೀಲ್‌ಚೇರ್‌ಗಳು ಮಡಚಿಕೊಂಡು ಗೋಡೆಗೆ ಒರಗಿದ್ದವು. ಎಣಿಸಿದರು. 12. ತಪ್ಪಿರಬಹುದು ಅಂತ ಒಂದೊಂದರ ಚಕ್ರದ ಮೇಲೂ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾ ಇನ್ನೊಮ್ಮೆ ಎಣಿಸಿದರು. ಮತ್ತೆ 12. ವಿತರಣೆಯ ಪುಸ್ತಕದಲ್ಲಿ ಯಾರಿಗೂ ಒಂದೂ ಕೊಟ್ಟ ದಾಖಲೆ ಇಲ್ಲ. ಅಂದರೆ 28 ವೀಲ್‌ಚೇರ್ ಬಂದೇ ಇಲ್ಲ.

ಮುಖ್ಯಸ್ಥರನ್ನು ಕೇಳಿದಾಗ ಅವರು ಸುಳ್ಳು ಹೇಳಲಿಲ್ಲ. ಇನ್ನೊಂದು ಕಡೆಯಿಂದ ಬರಬೇಕಾದ ಹಣ ತಡವಾಗಿತ್ತು. 3 ತಿಂಗಳು ಸಿಬ್ಬಂದಿಗೆ ಸಂಬಳ ಕೊಡಲು ಈ ಹಣವನ್ನೇ ಬಳಸಿದ್ದರು. "ಯಾರ ಜೇಬಿಗೂ ಹೋಗಿಲ್ಲ. ನಿನ್ನ ಸಂಬಳವೂ ಅದ್ರಲ್ಲೇ ಬಂದಿದ್ದು. ಬರೋ ವರ್ಷ ಕೊಂಡ್ಕೊಳ್ಳೋಣ. ಈಗ ಸಹಿ ಹಾಕು" ಅಂದರು.

ಈ ಪ್ರಕರಣ ಕಷ್ಟವಾದದ್ದು ಇಲ್ಲೇ. ಎದುರಿಗಿರುವವರು ಕಳ್ಳರಾಗಿದ್ದರೆ ತೀರ್ಮಾನ ಸುಲಭ ಇತ್ತು. ಇಲ್ಲಿರೋದು ಉಪಕಾರ ಮಾಡಿದ ಮನುಷ್ಯ, ಸಂಬಳ ಸಿಕ್ಕ ಸಿಬ್ಬಂದಿ. ಆದರೂ ಒಂದು ಉದ್ದೇಶಕ್ಕೆ ಅಂತ ಕೊಟ್ಟ ಹಣವನ್ನು ದಾನಿಯ ಒಪ್ಪಿಗೆ ಇಲ್ಲದೆ ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಬಳಸಿದ ಮೇಲೆ ಇಲ್ಲದ ವಸ್ತುವಿಗೆ ಬಿಲ್ ಮಾಡಿಸಿದ್ದು ಇನ್ನೂ ದೊಡ್ಡ ತಪ್ಪು. ಮತ್ತೆ ಬಾರದ ಆ ವೀಲ್‌ಚೇರ್‌ಗಳು ಸಿಗಬೇಕಿದ್ದ 28 ಜನ ಇನ್ನೂ ಕಾಯುತ್ತಿದ್ದರು. ಅವರ ಹೆಸರಿನ ಪಟ್ಟಿ ಬ್ರದರ್ ಮೇಜಿನ ಮೇಲೇ ಇತ್ತು.

ಲೆಕ್ಕ ಕಳಿಸಲು 3 ವಾರ ಉಳಿದಿತ್ತು.

ಮೊದಲ ಸಂಜೆ

ಆ ವಾರದ ಪ್ರಾರ್ಥನೆಯಲ್ಲಿ ಬ್ರದರ್ ಹಾಡು ಮುಗಿಯುವ ತನಕವೂ ಕಾಯಲಿಲ್ಲ. ನಡೆದದ್ದನ್ನೆಲ್ಲ ಹೇಳಿ, "ನಾಳೆ ರಾಜೀನಾಮೆ ಕೊಡ್ತೀನಿ. ಕರ್ತ ನೋಡ್ಕೊಳ್ತಾನೆ" ಅಂದರು. ನಾವೆಲ್ಲ ಆಮೆನ್ ಅಂದೆವು. ಒಬ್ಬರು ಬೈಬಲಿನ ಮತ್ತಾಯ 14 ತೆಗೆದು, ಯೇಸುವಿನ ಶಿಷ್ಯ ಪೇತ್ರ ದೋಣಿಯಿಂದ ಇಳಿದು ನೀರಿನ ಮೇಲೆ ನಡೆದ ಭಾಗ ಓದಿದರು. ನನಗೂ ಕಣ್ಣು ತುಂಬಿ ಬಂತು. ನಮ್ಮ ಮಧ್ಯೆ ಇಂಥ ನಂಬಿಕೆಯ ಮನುಷ್ಯ ಇದ್ದಾರಲ್ಲ ಅಂತ ಹೆಮ್ಮೆ ಆಯಿತು.

ಆಗ ಆಂಟಿ ಬಾಯಿ ಬಿಟ್ಟರು. ಅವರು ನಿವೃತ್ತ ನರ್ಸ್, ಒಬ್ಬರೇ ಇರುವವರು. ಮಾತು ಕಡಿಮೆ. "ಸಿಸ್ಟರ್ ಏನಂತಾರೆ?" ಅಂತ ಕೇಳಿದರು.

ಎಲ್ಲರೂ ಸಿಸ್ಟರ್ ಕಡೆ ತಿರುಗಿದೆವು. ಅವರು ಮಡಿಲಲ್ಲಿದ್ದ ಬೈಬಲ್ ಮುಚ್ಚಿಕೊಂಡು, ಅದರ ಝಿಪ್ ಎಳೆಯುತ್ತಾ ಬಿಡುತ್ತಾ ಕೂತಿದ್ದರು. "ನಂಗೂ ಈಗ್ಲೇ ಗೊತ್ತಾಗಿದ್ದು" ಅಂದರು.

ಇದು ಮೊದಲ ತಿರುವು. ಅಲ್ಲಿಯ ತನಕ ನಾವು ಒಬ್ಬ ಮನುಷ್ಯನ ಧೈರ್ಯವನ್ನು ನೋಡುತ್ತಿದ್ದೆವು. ಆ ಧೈರ್ಯದ ಬೆಲೆ ಯಾರ್ಯಾರು ಕೊಡಬೇಕು ಅನ್ನೋದು ತಲೆಗೇ ಬಂದಿರಲಿಲ್ಲ. ನಮ್ಮ ಆಮೆನ್‌ನಿಂದ ನಮ್ಮಲ್ಲಿ ಯಾರ ಕೆಲಸವೂ ಹೋಗುತ್ತಿರಲಿಲ್ಲ ಅಲ್ವಾ?

ಆಂಟಿ ಎಸ್ತೇರಳ ಪುಸ್ತಕದ 4ನೇ ಅಧ್ಯಾಯ ತೆಗೆಸಿದರು. ತನ್ನ ಜನರನ್ನು ಉಳಿಸಲು ರಾಣಿ ಎಸ್ತೇರಳು ರಾಜನನ್ನು ಬೇಡಿಕೊಳ್ಳಬೇಕಿತ್ತು. ಕರೆ ಬರದೆ ರಾಜನ ಎದುರು ಹೋದರೆ ಪ್ರಾಣಕ್ಕೇ ಅಪಾಯ. ಎಸ್ತೇರಳು "ಸತ್ತರೆ ಸಾಯುತ್ತೇನೆ" ಅಂದಳು ಅನ್ನೋದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತೇವೆ. ಅದಕ್ಕೆ ಮುಂಚೆ ಅವಳು, ಶೂಷನ್ ಪಟ್ಟಣದ ಯೆಹೂದ್ಯರೆಲ್ಲ ಕೂಡಿ ತನಗೋಸ್ಕರ 3 ದಿನ ಉಪವಾಸ ಮಾಡಲಿ ಅಂತ ಹೇಳಿಕಳಿಸಿದಳು. ಆಂಟಿ ಅಂದದ್ದು ಇಷ್ಟೇ: "ಅವಳೂ 3 ದಿನ ತಗೊಂಡ್ಳು. ನಾವು 2 ವಾರ ತಗೊಳ್ಳೋಣ." ಪೇತ್ರನೂ ಸುಮ್ನೆ ಇಳಿಯಲಿಲ್ಲ ಅನ್ನೋದನ್ನು ಮನೆಗೆ ಹೋಗಿ ಮತ್ತೆ ಓದಿದಾಗ ಗಮನಿಸಿದೆ. "ನೀನೇ ಆದರೆ ನನಗೆ ಬಾ ಅನ್ನು" ಅಂತ ಮೊದಲು ಯೇಸುವನ್ನು ಕೇಳಿದ. ಬಾ ಅಂದ ಮೇಲೆ ಕಾಲಿಟ್ಟ.

ಪ್ರಶ್ನೆಗಳ ಎರಡು ಸಂಜೆ

ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದ ಸಭೆಗಳಲ್ಲಿ ಒಂದು ಹಳೆಯ ಪದ್ಧತಿ ಇದೆ ಅಂತ ಮಾತ್ರ ತಿಳಿದಿತ್ತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಶುರುವಾದ ಈ ಸಭೆಗಳಲ್ಲಿ, ಮದುವೆಯಾಗಬೇಕು ಅಂದುಕೊಂಡ ಜೋಡಿಯ ಜೊತೆ ಕೆಲವರು ಕೂತು, ಮನಸ್ಸು ಸ್ಪಷ್ಟ ಇದೆಯಾ ಅಂತ ನೋಡುತ್ತಿದ್ದರು. ಮುಂದೆ ಬೇರೆ ದೊಡ್ಡ ತೀರ್ಮಾನಗಳಿಗೂ ಅದನ್ನು ಬಳಸಿದರು. ಇವತ್ತು ಅದು ನಡೆಯುವ ರೀತಿಯಲ್ಲಿ ಮುಖ್ಯ ನಿಯಮ ಒಂದೇ. ಸುತ್ತ ಕೂತವರು ಪ್ರಶ್ನೆ ಮಾತ್ರ ಕೇಳಬೇಕು. ಸಲಹೆ ಕೊಡಬಾರದು, ಉಪದೇಶ ಮಾಡಬಾರದು, ‘ನನಗೂ ಒಂದ್ಸಲ ಹೀಗಾಗಿತ್ತು’ ಅಂತ ಶುರು ಮಾಡಬಾರದು.

ನಾವು ಅದನ್ನೇ ಹಿಡಿದುಕೊಂಡೆವು. ಒಂದು ಸಂಜೆ ಬ್ರದರ್‌ಗೆ, ಇನ್ನೊಂದು ಸಂಜೆ ಸಿಸ್ಟರ್‌ಗೆ. ತಲಾ ಎರಡು ಗಂಟೆ. ನಾಲಿಗೆ ಕಚ್ಚಿಕೊಂಡು ಕೂರೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಮಧ್ಯೆ ಮಧ್ಯೆ ಐದೈದು ನಿಮಿಷ ಯಾರೂ ಮಾತಾಡಲಿಲ್ಲ.

ಬ್ರದರ್ ಸಂಜೆಯಲ್ಲಿ ಗುಂಪಿನ ಅತಿ ಕಿರಿಯಳು, ಆಗಷ್ಟೇ ಮದುವೆಯಾಗಿದ್ದ ಹುಡುಗಿ, ಮೆಲ್ಲಗೆ ಕೇಳಿದಳು: "ಅಣ್ಣ, ನೀವು ರಾಜೀನಾಮೆ ಕೊಟ್ರೆ ಆ 28 ಜನಕ್ಕೆ ಏನು ಸಿಗತ್ತೆ?"

ಬ್ರದರ್ ಉತ್ತರ ಕೊಡಲು ಬಾಯಿ ತೆರೆದರು, ಮುಚ್ಚಿದರು. ತುಂಬ ಹೊತ್ತಾದ ಮೇಲೆ, "ಏನೂ ಇಲ್ಲ. ನನ್ನ ಕೈ ಚೊಕ್ಕಟ ಆಗತ್ತೆ, ಅಷ್ಟೇ. ಸಹಿ ಬೇರೆ ಯಾರೋ ಹಾಕ್ತಾರೆ" ಅಂದರು.

ಎರಡನೇ ತಿರುವು ಇದು. ಅಪಾಯದ ಸ್ವರೂಪವೇ ಬದಲಾಯಿತು. ಬಿಟ್ಟು ಹೋಗುವ ಬದಲು ಅಲ್ಲೇ ಇದ್ದು, ಸಹಿ ಹಾಕದೆ, ಯಾಕೆ ಹಾಕಲ್ಲ ಅಂತ ಹೇಳಬೇಕು. ಇದು ರಾಜೀನಾಮೆಗಿಂತ ದೊಡ್ಡ ಅಪಾಯ. ಜಾಸ್ತಿ ದಿನ ನಡೆಯುವ ಅಪಾಯ ಕೂಡ. ಮೊದಲ ಸಂಜೆಯ ಆವೇಶದಲ್ಲೇ ಹೊರಟಿದ್ದರೆ ಬ್ರದರ್ ಕೆಲಸ ಕಳೆದುಕೊಳ್ಳುತ್ತಿದ್ದರು, ವೀಲ್‌ಚೇರ್ ವಿಷಯ ಅಲ್ಲೇ ಮುಚ್ಚಿಹೋಗುತ್ತಿತ್ತು. ದೊಡ್ಡದಾಗಿ ಕಾಣುವ ಹೆಜ್ಜೆಯೇ ಸರಿಯಾದ ಹೆಜ್ಜೆ ಅಂತ ನಾವು ಎಷ್ಟು ಬೇಗ ಅಂದುಕೊಳ್ಳುತ್ತೇವೆ ಅಂತ ಆಗ ಕಂಡಿತು.

ಸಿಸ್ಟರ್ ಸಂಜೆಯಲ್ಲಿ ಪ್ರಶ್ನೆ ಕೇಳಿದ್ದು ಸಿಸ್ಟರೇ. "ನಾನು ಬೇಡ ಅಂದ್ರೆ ನೀವೆಲ್ಲ ನನ್ನನ್ನ ಹೇಗೆ ನೋಡ್ತೀರಾ?"

ಯಾರೂ ಕೂಡಲೇ ಉತ್ತರಿಸಲಿಲ್ಲ. ನಿಜ ಹೇಳಬೇಕು ಅಂದರೆ, ಅವರು ಬೇಡ ಅಂದರೆ ನಂಬಿಕೆ ಕಡಿಮೆ ಅಂತ ಮನಸ್ಸಿನಲ್ಲಿ ಅಂದುಕೊಳ್ಳುವವರಲ್ಲಿ ನಾನೂ ಇರುತ್ತಿದ್ದೆ. ಅದನ್ನು ಅಲ್ಲೇ ಒಪ್ಪಿಕೊಂಡೆ. ಆಮೇಲೆ ಒಬ್ಬೊಬ್ಬರೂ ಬಾಯಿ ಬಿಟ್ಟು ಮಾತು ಕೊಟ್ಟೆವು: ಬೇಡ ಅಂದರೂ ನಾವು ಹೀಗೇ ಇರುತ್ತೇವೆ. ಮನೆಗೆ ಬರುತ್ತೇವೆ, ಅತ್ತೆಯನ್ನು ನೋಡಿಕೊಳ್ಳಲು ಕೈ ಜೋಡಿಸುತ್ತೇವೆ, ಈ ವಿಷಯ ಎತ್ತುವುದಿಲ್ಲ. ಇಲ್ಲ ಅನ್ನಲು ಜಾಗವೇ ಇಲ್ಲದ ಕಡೆ ಹೂಂ ಅಂದರೆ ಅದಕ್ಕೆ ಏನು ಬೆಲೆ?

ಸಿಸ್ಟರ್ 4 ದಿನ ತೆಗೆದುಕೊಂಡರು. ಆಮೇಲೆ ಒಪ್ಪಿದರು. ಅವರ ಮಾತುಗಳು ಸ್ಪಷ್ಟವಾಗಿದ್ದವು. ಮಗಳ ಪರೀಕ್ಷೆ ಮುಗಿಯುವ ತನಕ ಮನೆಯಲ್ಲಿ ಗುಂಪು ಪ್ರಾರ್ಥನೆ ಬೇಡ. ಸಹಾಯಕ್ಕಾಗಿ ಪ್ರತಿ ತಿಂಗಳು ಕೇಳುವ ಪರಿಸ್ಥಿತಿ ಬರಬಾರದು. ಮತ್ತೆ, ಯಾರೂ ಸಭೆಯಲ್ಲಿ ಎದ್ದು ನಿಂತು ಇದನ್ನು ಸಾಕ್ಷಿ ಅಂತ, ಅಂದರೆ ದೇವರು ಮಾಡಿದ ಕಾರ್ಯ ಅಂತ, ಹೇಳಬಾರದು.

ಲೆಕ್ಕ ಹಾಕಿದ್ದು

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಯೇಸು ಕೇಳಿದ ಮಾತು ಲೂಕ 14ರಲ್ಲಿದೆ. ನಾವು ಅದನ್ನು ಅಕ್ಷರಶಃ ಮಾಡಿದೆವು. ಒಂದು ಹಾಳೆ ತೆಗೆದುಕೊಂಡು ಆ ಮನೆಯ ತಿಂಗಳ ಖರ್ಚನ್ನೆಲ್ಲ ಬರೆದೆವು. ಮುಂದೂಡಬಹುದಾದದ್ದು ಯಾವುದು, ಮುಂದೂಡಲು ಆಗದ್ದು ಯಾವುದು ಅಂತ ಗುರುತು ಹಾಕಿದೆವು. ಕೆಳಗೆ ಉಳಿದ ನಾಲ್ಕು ಮನೆಯವರೂ ತಮ್ಮ ಹೆಸರು, ಕೊಡುವ ಮೊತ್ತ ಬರೆದೆವು. ಕೆಲಸ ಹೋದರೆ 6 ತಿಂಗಳ ತನಕ ಖರ್ಚಿನ ಸುಮಾರು ಮುಕ್ಕಾಲು ಪಾಲು ಬರುವಷ್ಟಾಯಿತು. ಸಭೆಯ ಕಾಣಿಕೆ ಹಣ ಮುಟ್ಟಬಾರದು ಅಂತ ತೀರ್ಮಾನಿಸಿದೆವು. ಮುಖ್ಯಸ್ಥರೂ ಅದೇ ಸಭೆಯ ಹಿರಿಯರು ತಾನೇ. ಹಣವೆಲ್ಲ ಆಂಟಿ ಹತ್ತಿರ ಸೇರಿ, ತಿಂಗಳ 1ನೇ ತಾರೀಕು ಸಿಸ್ಟರ್ ಖಾತೆಗೆ ಹೋಗಬೇಕು. ಯಾರು ಎಷ್ಟು ಕೊಟ್ಟರು ಅಂತ ಮುಂದೆ ಯಾರೂ ಮಾತಾಡಬಾರದು.

ಗುಂಪಿನ ಹೊರಗಿನ ಒಬ್ಬ ವಕೀಲರ ಹತ್ತಿರವೂ ಹೋದೆವು. ಅವರು ಹೇಳಿದ್ದು ಪ್ರಾರ್ಥನೆಯಷ್ಟೇ ಉಪಯೋಗಕ್ಕೆ ಬಂತು. ಕಣ್ಣಿಂದ ಕಂಡದ್ದನ್ನು ಮಾತ್ರ ಬರೆಯಿರಿ, ಅನುಮಾನವನ್ನು ಬರೆಯಬೇಡಿ. ಯಾರನ್ನೂ ಕಳ್ಳ ಅನ್ನಬೇಡಿ. ಪ್ರತಿ ಪತ್ರಕ್ಕೂ ತಾರೀಕು ಹಾಕಿ, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಸಂಸ್ಥೆಯ ಮೂಲ ಕಾಗದಗಳನ್ನು ಮನೆಗೆ ತರಬೇಡಿ.

ಯಾವ ಕ್ರಮದಲ್ಲಿ ಮಾತಾಡಬೇಕು ಅನ್ನೋದಕ್ಕೆ ಮತ್ತಾಯ 18 ನಮ್ಮ ಮುಂದಿತ್ತು. ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈ ಭಾಗವನ್ನು ತಪ್ಪು ಮುಚ್ಚಿಡಲು ಬಳಸುವುದನ್ನು ನಾನು ನೋಡಿದ್ದೇನೆ. ಮಗುವಿಗೋ, ದುರ್ಬಲರಿಗೋ ಹಿಂಸೆ ಆಗಿರುವ ಕಡೆ ಈ ದಾರಿ ಹಿಡಿಯಲೇಬಾರದು. ಅಲ್ಲಿ ನೇರವಾಗಿ ಕಾನೂನಿನ ಬಾಗಿಲು ತಟ್ಟಬೇಕು. ನಮ್ಮ ವಿಷಯದಲ್ಲಿ ಕಾಯಲು 10 ದಿನ ಇತ್ತು, ತಿದ್ದಿಕೊಳ್ಳಲು ಅವರಿಗೊಂದು ಅವಕಾಶ ಇತ್ತು. ಅದಕ್ಕೇ ಹಾಗೆ ಹೋದೆವು.

ನಡೆದದ್ದು

ಬ್ರದರ್ ಒಬ್ಬರೇ ಹೋದಾಗ ಮುಖ್ಯಸ್ಥರು ಮೊದಲು ರೇಗಿದರು, ಆಮೇಲೆ ಅತ್ತರು. "ಸರಿ ಮಾಡ್ತೀನಿ" ಅಂದರು. ಏನೂ ಆಗಲಿಲ್ಲ. ಎರಡನೇ ಸಲ ನಾನೂ ಜೊತೆಗೆ ಹೋದೆ. ನಡೆದದ್ದನ್ನು ದಾನಿಗಳಿಗೆ ಹೇಳಿ ಸಮಯ ಕೇಳೋಣ, ಕ್ಷಮಿಸಿಯಾರು ಅಂತ ಬ್ರದರ್ ಬೇಡಿಕೊಂಡರು. ಮುಖ್ಯಸ್ಥರು ನನ್ನ ಕಡೆ ತಿರುಗಿ, "ನೀವೂ ಸೇರ್ಕೊಂಡ್ರಾ?" ಅಂದರು. ಅಷ್ಟೇ. ಕೊನೆಯ ದಿನ ಬ್ರದರ್ ಸಹಿ ಹಾಕಲಿಲ್ಲ. ಕಾರಣ ಬರೆದು ಆಡಳಿತ ಮಂಡಳಿಗೆ ಒಂದೂವರೆ ಪುಟದ ಪತ್ರ ಕೊಟ್ಟರು.

ಮಾರನೇ ವಾರ ಅವರನ್ನು ಲೆಕ್ಕದ ವಿಭಾಗದಿಂದ ತೆಗೆದು, ಕೆಲಸವೇ ಇಲ್ಲದ ಒಂದು ಕೋಣೆಯಲ್ಲಿ ಕೂರಿಸಿದರು. ಒಂದು ಮೇಜು, ಒಂದು ಕುರ್ಚಿ. ಬೆಳಿಗ್ಗೆಯಿಂದ ಸಂಜೆ ತನಕ ಗೋಡೆ ನೋಡೋದು. ಮಂಡಳಿ 7 ವಾರ ಸುಮ್ಮನಿತ್ತು. ಆಮೇಲೆ, ನಿಮ್ಮ ಸೇವೆ ಇನ್ನು ಬೇಕಿಲ್ಲ ಅಂತ ಪತ್ರ ಬಂತು.

ಸಭೆಯಲ್ಲೂ ಗಾಳಿ ಬದಲಾಯಿತು. ಆರಾಧನೆ ಮುಗಿದ ಮೇಲೆ ಕೈ ಕುಲುಕುತ್ತಿದ್ದವರು ಬೇರೆ ಬಾಗಿಲಿನಿಂದ ಹೋಗತೊಡಗಿದರು. ಪಾಸ್ಟರ್ ನನ್ನನ್ನು ಕರೆದು, ಇದು ಸಭೆಯ ಹೆಸರಿಗೆ ಕುಂದು, ನಿಮ್ಮ ಗುಂಪು ಸ್ವಲ್ಪ ದಿನ ಸೇರದಿದ್ದರೆ ಒಳ್ಳೇದು ಅಂದರು. ಅವರು ಕೆಟ್ಟವರಲ್ಲ. ಎರಡು ಕಡೆಯವರನ್ನೂ ಉಳಿಸಿಕೊಳ್ಳಬೇಕು ಅಂತ ಒದ್ದಾಡುತ್ತಿದ್ದರು. ನಾವು ಸೇರುವುದನ್ನು ನಿಲ್ಲಿಸಲಿಲ್ಲ. ಆದರೆ ನಾಲ್ಕು ಮನೆಗಳಲ್ಲಿ ಒಂದು ಮನೆಯವರು ಬರುವುದನ್ನು ನಿಲ್ಲಿಸಿದರು. ಹಾಳೆಯ ಮೇಲೆ ಅವರ ಹೆಸರಿಗೆ ಗೀಟು ಬಿತ್ತು. ಉಳಿದ ಮೂರು ಮನೆ ಸೇರಿ ಆ ಪಾಲನ್ನೂ ತುಂಬಿದೆವು.

ನಾಲ್ಕನೇ ತಿಂಗಳು

ಕೆಲಸ ಹೋದ ಮೊದಲ ಮೂರು ತಿಂಗಳು ನಾವು ಚೆನ್ನಾಗಿಯೇ ನಡೆದುಕೊಂಡೆವು. ಹಣ 1ನೇ ತಾರೀಕಿಗೆ ಸರಿಯಾಗಿ ಹೋಗುತ್ತಿತ್ತು. ಮಗಳು ಪರೀಕ್ಷೆ ಬರೆದಳು, ಪಾಸಾದಳು. ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ವಾಕ್ಯ, ಕೈ ಮುಗಿದ ಚಿತ್ರ, ‘ಪ್ರಾರ್ಥಿಸ್ತಿದ್ದೀವಿ ಬ್ರದರ್’. ಅವರು ಪ್ರತಿ ಸಲ ‘ಆಮೆನ್’ ಅಂತ ಉತ್ತರ ಹಾಕುತ್ತಿದ್ದರು. ಎಲ್ಲ ಸರಿ ಇದೆ ಅಂದುಕೊಂಡೆವು. ಮನೆಗೆ ಹೋಗುವುದು ತಾನಾಗಿಯೇ ಕಡಿಮೆಯಾಯಿತು. ನಾನು 5 ವಾರ ಹೋಗಿರಲಿಲ್ಲ.

ನಾಲ್ಕನೇ ತಿಂಗಳ ಒಂದು ರಾತ್ರಿ ಸಿಸ್ಟರ್ ಆಂಟಿಗೆ ಫೋನ್ ಮಾಡಿದರು. "ಮೂರು ದಿನದಿಂದ ಸ್ನಾನ ಮಾಡಿಲ್ಲ ಆಂಟಿ. ಗೋಡೆ ಕಡೆ ತಿರುಗಿ ಮಲಗಿರ್ತಾರೆ. ಆಮೆನ್ ಅಂತ ಮೆಸೇಜ್ ಹಾಕ್ತಿರೋದು ನಾನು."

ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ನಾವು ಹಣದ ಲೆಕ್ಕ ಹಾಕಿದ್ದೆವು. ಆ ಖಾಲಿ ಕೋಣೆಯಲ್ಲಿ 7 ವಾರ ಗೋಡೆ ನೋಡಿದ್ದು, ಆಪ್ತರೇ ಮುಖ ತಿರುಗಿಸಿದ್ದು ಒಬ್ಬ ಮನುಷ್ಯನಿಗೆ ಏನು ಮಾಡುತ್ತದೆ ಅನ್ನೋದರ ಲೆಕ್ಕ ಹಾಕಿರಲಿಲ್ಲ. ಧೈರ್ಯ ಮಾಡಿದವರು ಗಟ್ಟಿಯಾಗಿರುತ್ತಾರೆ ಅಂತ ನಂಬಿಬಿಟ್ಟಿದ್ದೆವು. ಬೈಬಲಿನಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ಗಟ್ಟಿಯಾಗಿ ನಿಂತ ಪ್ರವಾದಿ ಎಲೀಯ ಮುಂದಿನ ಅಧ್ಯಾಯದಲ್ಲೇ ಗಿಡದ ಕೆಳಗೆ ಬಿದ್ದುಕೊಂಡು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನು ಕೇಳುತ್ತಾನೆ. ಎಷ್ಟು ಸಲ ಓದಿದ್ದೆವು ಅದನ್ನು! ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ಮತ್ತೆ ಮಲಗಲು ಬಿಟ್ಟ. ಎರಡನೇ ಸಲವೂ ಮುಟ್ಟಿ, ಎದ್ದು ತಿನ್ನು ಅಂದ.

ಆಂಟಿ ಅವತ್ತು ರಾತ್ರಿಯೇ ಹೋದರು. ನರ್ಸ್ ಆಗಿದ್ದವರಿಗೆ ಅದು ಖಿನ್ನತೆ ಅಂತ ತಿಳಿಯಲು ಹೊತ್ತು ಹಿಡಿಯಲಿಲ್ಲ. ಬೆಳಿಗ್ಗೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಗುಂಪಿನಲ್ಲಿ ಒಬ್ಬರು, "ಮಾತ್ರೆ ತಗೊಂಡ್ರೆ ನಂಬಿಕೆ ಕಡಿಮೆ ಅಂತ ಆಗಲ್ವಾ?" ಅಂತ ಕೇಳಿದರು. ಆಂಟಿ, "ಕಾಲು ಮುರಿದಿದ್ರೆ ಹೀಗೆ ಕೇಳ್ತಿದ್ರಾ?" ಅಂದರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಮೂರನೇ ತಿರುವು ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿಂದ ನಾವು ಮಂಗಳವಾರ, ಶುಕ್ರವಾರ ಸರದಿ ಹಾಕಿಕೊಂಡು ಹೋಗತೊಡಗಿದೆವು. ಹೋಗಿ ಪ್ರಾರ್ಥನೆ ಮಾಡಲೇಬೇಕು ಅಂತಿರಲಿಲ್ಲ. ಹೆಚ್ಚಾಗಿ ಸುಮ್ನೆ ಬ್ರದರ್ ಜೊತೆ ಅರ್ಧ ಗಂಟೆ ನಡೆಯುತ್ತಿದ್ದೆವು. ಒಬ್ಬರು ಅವರ ತಾಯಿಯ ಪಕ್ಕ ಕೂರುತ್ತಿದ್ದರು, ಸಿಸ್ಟರ್ ಹೊರಗೆ ಹೋಗಿ ಬರಲಿ ಅಂತ. ಮೊದಲ ಎರಡು ವಾರ ಬ್ರದರ್ ನಡೆಯುವಾಗ ಒಂದು ಮಾತೂ ಆಡಲಿಲ್ಲ. ಮೂರನೇ ವಾರ ದಾರಿಯಲ್ಲಿ ನಿಂತು ಶೂ ಲೇಸ್ ಕಟ್ಟಿಕೊಳ್ಳುತ್ತಾ, "ಆ 28 ಜನಕ್ಕೆ ಕೊಟ್ರಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವರು ಕೇಳಿದರಲ್ಲ ಅಂತ ಮನೆಗೆ ಬಂದು ದೇವರಿಗೆ ಸ್ತೋತ್ರ ಹೇಳಿದೆ.

ಮನೆಗೆ ಹೋಗಿ ನೋಡುವುದರಲ್ಲಿ ಏನಿದೆ ಅಂತ, ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ಜನಕ್ಕೂ ಆಕಸ್ಮಿಕವಾಗಿಯೇ ತಿಳಿದದ್ದು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಅವರ ಆರಾಧನಾ ಮನೆಯ ಮೇಲೆ ಸಾಲ ಇತ್ತು. ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಬೇಕು, 12 ಜನಕ್ಕೊಬ್ಬರಂತೆ ಮನೆಮನೆಗೆ ಹೋಗಿ ತರಬೇಕು ಅಂತ ಏರ್ಪಾಡಾಯಿತು. ಹಣಕ್ಕೆ ಅಂತ ಹೋದವರ ಕಣ್ಣಿಗೆ ಆ ಮನೆಗಳೊಳಗಿನ ಬದುಕು ಬಿತ್ತು. ಆಮೇಲೆ ಹಣಕ್ಕಿಂತ ಆ ಭೇಟಿಯೇ ಮುಖ್ಯವಾಯಿತು. ಮೆಥಡಿಸ್ಟರ ಸಣ್ಣ ಗುಂಪುಗಳು ಬೆಳೆದದ್ದು ಅಲ್ಲಿಂದ. ನಾವು ತಿರುಗುಮುರುಗು ಮಾಡಿದ್ದೆವು. ಹಣ ಖಾತೆಗೆ ತಾನಾಗಿ ಹೋಗುತ್ತಿತ್ತು, ಅದರ ಜೊತೆ ಮನುಷ್ಯರು ಹೋಗುತ್ತಿರಲಿಲ್ಲ. ಕೇಳುವ ಪರಿಸ್ಥಿತಿ ಬರಬಾರದು ಅಂತ ಸಿಸ್ಟರ್ ಹೇಳಿದ್ದನ್ನು ನಾವು ನಮಗೆ ಅನುಕೂಲವಾಗುವ ಹಾಗೆ ಅರ್ಥ ಮಾಡಿಕೊಂಡಿದ್ದೆವು.

ಕೊನೆಗೆ ಏನಾಯಿತು

6 ತಿಂಗಳು ಅಂದುಕೊಂಡದ್ದು 9 ತಿಂಗಳಾಯಿತು. ಬ್ರದರ್‌ಗೆ ಬೇರೆ ಕೆಲಸ ಸಿಕ್ಕಿತು, ಮೊದಲಿನ ಸಂಬಳಕ್ಕಿಂತ ಐದನೇ ಒಂದು ಪಾಲು ಕಡಿಮೆಗೆ. ಆಡಳಿತ ಮಂಡಳಿಯ ಇಬ್ಬರು ಸದಸ್ಯರು ಆ ಪತ್ರವನ್ನು ಕೈಬಿಟ್ಟಿರಲಿಲ್ಲ. ಹೊರಗಿನ ಲೆಕ್ಕಪರಿಶೋಧಕರನ್ನು ಕರೆಸಿದರು. ದಾನಿಗಳಿಗೆ ನಿಜ ಹೇಳಿದರು. ಮುಂದಿನ ವರ್ಷ 28ರಲ್ಲಿ 16 ಜನಕ್ಕೆ ವೀಲ್‌ಚೇರ್ ಸಿಕ್ಕಿತು. ಮುಖ್ಯಸ್ಥರು ಈಗಲೂ ಅಲ್ಲೇ ಇದ್ದಾರೆ, ಆದರೆ ಹಣದ ವಿಷಯ ಈಗ ಅವರೊಬ್ಬರ ಕೈಯಲ್ಲಿಲ್ಲ. ಬ್ರದರ್‌ಗೂ ಅವರಿಗೂ ರಾಜಿಯಾಗಿಲ್ಲ. ಸಭೆಯಲ್ಲಿ ಎದುರಾದರೆ ಬ್ರದರ್ ತಲೆ ಬಾಗಿಸುತ್ತಾರೆ. ಕೆಲವು ಸಲ ಅವರೂ.

ಕಲಿತದ್ದು ಏನು ಅಂತ ಕೇಳುವವರಿಗೆ ನಾನು ಎರಡು ಭಾಗ ಓದಲು ಹೇಳುತ್ತೇನೆ. ಒಂದು, ಅಪೊಸ್ತಲರ ಕೃತ್ಯಗಳು 13 ಮತ್ತು 14. ಅಂತಿಯೋಕ್ಯದ ಸಭೆಯವರು ಉಪವಾಸವಿದ್ದು, ಬಾರ್ನಬ ಮತ್ತು ಸೌಲರ (ಪೌಲ ಅಂದರೂ ಇವನೇ) ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. 14ನೇ ಅಧ್ಯಾಯದ ಕೊನೆಗೆ ಅವರು ಅದೇ ಸಭೆಗೆ ಮರಳಿ ಬರುತ್ತಾರೆ. ಸಭೆ ಕೂಡಿ ಅವರ ಮಾತು ಕೇಳುತ್ತದೆ. ಅವರು ಅಲ್ಲಿ ತುಂಬ ದಿನ ಉಳಿಯುತ್ತಾರೆ. ಆ ಮಧ್ಯದಲ್ಲಿ ಪೌಲ ಕಲ್ಲೇಟು ತಿಂದು, ಸತ್ತ ಅಂತ ಊರ ಹೊರಗೆ ಎಳೆದು ಹಾಕಿಸಿಕೊಂಡಿದ್ದ. ಕಳಿಸಿದವರ ಕೆಲಸ ಕಳಿಸಿದ ದಿನ ಮುಗಿಯುವುದಿಲ್ಲ.

ಇನ್ನೊಂದು ಫಿಲಿಪ್ಪಿ 2ರ ಕೊನೆ. ಸೆರೆಯಲ್ಲಿದ್ದ ಪೌಲನಿಗೆ ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿತ್ತು. ಅವನು ಕಾಯಿಲೆ ಬಿದ್ದು ಸಾಯುವ ಹಾಗಾದ. ಪ್ರಾಣವನ್ನೇ ಪಣಕ್ಕಿಟ್ಟ ಅಂತ ಪೌಲ ಅವನ ಬಗ್ಗೆ ಬರೆಯುತ್ತಾನೆ. ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದಕ್ಕೆ ಪಣ ಒಡ್ಡುವುದು ಅನ್ನೋದಕ್ಕೆ ಹತ್ತಿರದ ಅರ್ಥವೇ ಇದೆ. ಆದರೆ ಪೌಲ ಅವನನ್ನು ಹೊಗಳಿ ಅಲ್ಲೇ ಇಟ್ಟುಕೊಳ್ಳಲಿಲ್ಲ. ಮನೆಯ ನೆನಪಿನಿಂದ ಕೊರಗುತ್ತಿದ್ದಾನೆ ಅಂತ ವಾಪಸ್ ಕಳಿಸಿದ. ಸಂತೋಷದಿಂದ ಸೇರಿಸಿಕೊಳ್ಳಿ, ಇಂಥವರನ್ನು ಗೌರವಿಸಿ ಅಂತ ಬರೆದ. ಅಪಾಯಕ್ಕೆ ಕೈ ಹಾಕಿದವನ ದುಃಖ, ಕಾಯಿಲೆ, ಮನೆಯ ಹಂಬಲ ಎಲ್ಲವೂ ಆ ಪತ್ರದಲ್ಲಿ ಬಚ್ಚಿಡದೆ ಇವೆ.

ಈಗ ನಮ್ಮ ಗುಂಪಿನಲ್ಲಿ ಯಾರಾದರೂ ದೊಡ್ಡ ಹೆಜ್ಜೆ ಇಡುತ್ತೇನೆ ಅಂದರೆ ಅವತ್ತು ಆಮೆನ್ ಅನ್ನುವುದಿಲ್ಲ. ಮನೆಯವರು ಬಂದು ಕೂರುವ ತನಕ ಕಾಯುತ್ತೇವೆ. ಪ್ರಶ್ನೆಗಳ ಸಂಜೆ ಮಾಡುತ್ತೇವೆ. ಹಾಳೆಯಲ್ಲಿ ಹಣದ ಪಕ್ಕ ಇನ್ನೊಂದು ಸಾಲು ಬರೆಯುತ್ತೇವೆ: ನಾಲ್ಕನೇ ತಿಂಗಳಲ್ಲಿ ಯಾರು ಹೋಗುತ್ತಾರೆ?

ಒಂದು ವಿಷಯ ಉಳಿದಿದೆ. ದಾನಿಗಳಿಗೆ ನಿಜ ತಿಳಿದ ಮೇಲೆ ಅವರ ಮುಂದಿನ ಹಣ ತಡವಾಯಿತು, ಸಂಸ್ಥೆಯಲ್ಲಿ ಇಬ್ಬರ ಕೆಲಸ ಹೋಯಿತು. ಅವರಲ್ಲಿ ಒಬ್ಬರು, ಗುಂಪು ಬಿಟ್ಟು ಹೋದ ಆ ಮನೆಯವರ ತಮ್ಮ. ಇಂಥದ್ದೊಂದು ಆಗಬಹುದು ಅಂತ ಆ ಮನೆಯವರಿಗೆ ಮೊದಲೇ ಹೊಳೆದಿತ್ತು. ಹಾಳೆಯ ಮೇಲೆ ಹೆಸರು ಬರೆಯುವಾಗಲೇ ಭಯ ಇತ್ತಂತೆ. ಎಲ್ಲರೂ ಬರೆಯುತ್ತಿದ್ದಾಗ ಹೇಗೆ ಬೇಡ ಅನ್ನೋದು ಅಂತ ಸುಮ್ಮನಿದ್ದರು. ಸಿಸ್ಟರ್‌ಗೆ ಕೊಟ್ಟ ಸಂಜೆಯನ್ನು ನಾವು ಅವರಿಗೆ ಕೊಡಲಿಲ್ಲ. ಅವರು ಬಿಟ್ಟು ಹೋದಾಗ ಮುನಿಸಿಕೊಂಡೆವು, ಅವರ ಪಾಲು ತುಂಬಿದೆವು, ಮನೆಗೆ ಹೋಗಲಿಲ್ಲ.

ಆ ಹಾಳೆ ಇನ್ನೂ ನನ್ನ ಬೈಬಲಿನೊಳಗಿದೆ. ನಾಲ್ಕು ಹೆಸರು, ಒಂದರ ಮೇಲೆ ಗೀಟು. ಗೀಟು ಎಳೆದದ್ದು ನಾನೇ. ಕಳೆದ ವಾರ ಬ್ರದರ್, "ನಾನೂ ಬರ್ತೀನಿ, ಹೋಗೋಣ" ಅಂದರು. ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, ಭಾನುವಾರ ಸಂಜೆ ಬನ್ನಿ ಅಂದರು.